ಹೆಗಲಿಗೆ ತೊಡುವ ಕೀಬೋರ್ಡಿನ ನಿಯಂತ್ರಣಗಳನ್ನು ಎಲ್ಲಿಂದ ಕಲಿಯಬೇಕು?

ಮಾಟುಂಗಾದ ರಾಜ್ಯೋತ್ಸವ ವಾದ್ಯಗೋಷ್ಠಿಗೆಂದು ಕೀಟಾರ್ (ಗಿಟಾರಿನಂತೆ ಹೆಗಲಿಗೆ ತೊಡುವ ಕೀಬೋರ್ಡ್) ಕೊಂಡಿರುವ ತಾವು, ಅದರ ಹಿಡಿಯ ಮೇಲಿನ ನಿಯಂತ್ರಣಗಳಲ್ಲಿ ಯಾವುದನ್ನು ಮೊದಲು ಕಲಿಯಬೇಕೆಂದು ಕೇಳಿದ್ದೀರಿ. ಸ್ವರವನ್ನು ಮೇಲೆ ಕೆಳಗೆ ಬಾಗಿಸುವ ಪಿಚ್ ಬೆಂಡ್ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ನಮ್ಮ ಸಂಗೀತಕ್ಕೆ ಬೇಕಾದ ಗಮಕ ಮತ್ತು ಜಾರು ಅದರಿಂದಲೇ ಹೊಮ್ಮುತ್ತವೆ. 2018ರಲ್ಲಿ ಬಂದ, 49 ಕೀಲಿಗಳ ರೋಲ್ಯಾಂಡ್ ಎಎಕ್ಸ್-ಎಡ್ಜ್‌ನಂಥ ವಾದ್ಯದಲ್ಲಿ ಈ ಕೆಲಸ ಎಡಗೈ ಬೆರಳಿನಡಿಯ ರಿಬ್ಬನ್ ಪಟ್ಟಿಯದು. ಬೆಂಡ್ ವ್ಯಾಪ್ತಿಯನ್ನು 2 ಸೆಮಿಟೋನಿಗೆ (ಕಪ್ಪು ಬಿಳಿ ಸೇರಿ ಪಕ್ಕಪಕ್ಕದ ಎರಡು ಕೀಲಿಗಳ ಅಂತರವೇ ಒಂದು ಸೆಮಿಟೋನ್) ಹೊಂದಿಸಿ, ಬಲಗೈಯಲ್ಲಿ ಷಡ್ಜವನ್ನು ಒತ್ತಿಹಿಡಿದು, ಪಟ್ಟಿಯ ತುದಿಯವರೆಗೆ ಬೆರಳನ್ನು ಜಾರಿಸಿದರೆ ಚತುಶ್ರುತಿ ರಿಷಭ ಕೇಳಬೇಕು. ಅದನ್ನು ರಿಷಭದ ಕೀಲಿಯೊಡನೆ ಹೋಲಿಸುತ್ತ ಕಿವಿಯನ್ನು ಪಳಗಿಸಿಕೊಳ್ಳಿ. ಸ್ವರಕ್ಕೆ ಕಂಪನ ಕೊಡುವ ಮಾಡ್ಯುಲೇಷನ್, ಸ್ಥಾಯಿ ಬದಲಿಸುವ ಆಕ್ಟೇವ್, ಸ್ವರವನ್ನು ಹಿಡಿದಿಡುವ ಹೋಲ್ಡ್ ಇವು ಬೇಗ ಒಲಿಯುತ್ತವೆ. ಆದರೆ ವಾದ್ಯವನ್ನು ಮೇಜಿನ ಮೇಲಿಟ್ಟು ಕಲಿಯಬೇಡಿ. ತೊಟ್ಟಾಗ ಗುಂಡಿಗಳು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲವಾದ್ದರಿಂದ, ಹೆಗಲಪಟ್ಟಿ ಬಿಗಿದು ನಿಂತುಕೊಂಡೇ, ಸ್ಪರ್ಶದಿಂದಲೇ ಅವುಗಳನ್ನು ಗುರುತಿಸಲು ಅಭ್ಯಾಸ ಮಾಡಿ.