ಸಂಪಾದಕರ ಉತ್ತರ: ಪೆಸ್ 6 ನಿಜಕ್ಕೂ ಅಷ್ಟು ಒಳ್ಳೇ ಗೇಮಾ?

ದಾವಣಗೆರೆ ಹಾಸ್ಟೆಲಿಂದ ಪತ್ರ ಬರ್ದಿರೋ ಗೆಳೆಯರಿಗೆ ನಮಸ್ಕಾರ. ನಿಮ್ ಪತ್ರದಲ್ಲಿ ಏನಿತ್ತು ಅಂತ ಮಿಕ್ಕ ಓದುಗರಿಗೂ ಗೊತ್ತಾಗ್ಲಿ, ಮೊದ್ಲು ಅದನ್ನ ಹೇಳ್ಬಿಡ್ತೀನಿ. ಹಳೇ ಲ್ಯಾಪ್‌ಟಾಪಲ್ಲಿ ಕೊನಾಮಿ ಕಂಪನಿಯ ಫುಟ್‌ಬಾಲ್ ಗೇಮ್ ಪ್ರೊ ಎವಲ್ಯೂಷನ್ ಸಾಕರ್ 6 (ಪೆಸ್ 6) ಹಾಕ್ಕೊಂಡು ಟೂರ್ನಮೆಂಟ್ ನಡೆಸ್ತಿದೀರ, ನಿಮ್ ರೂಮ್‌ಮೇಟು "ಇದು 2006ರ ಗೇಮು, ಅರ್ಧ ಟೀಮುಗಳ ಹೆಸ್ರೇ ಸುಳ್ಳು, ಫಿಫಾ 22ರಲ್ಲಿ ನಮ್ ಬೆಂಗಳೂರು ಎಫ್‌ಸಿನೇ ಇದೆ, ಇದನ್ನ ಯಾಕೆ ಆಡ್ಬೇಕು" ಅಂತ ಕೇಳ್ತಿದಾರೆ, ಹಳೇ ಆಟಗಾರರು ಇದನ್ನ ಹೊಗಳೋದು ಬರೀ ಹಳೇ ಕಾಲದ ಮೇಲಿನ ಪ್ರೀತಿಗಾ ಅಥವಾ ಗೇಮಲ್ಲೇ ಏನಾದ್ರೂ ಇದ್ಯಾ ಅನ್ನೋದು ನಿಮ್ ಪ್ರಶ್ನೆ.

ಗೇಮಲ್ಲೇ ಇದೆ. ಆದ್ರೆ ಅದರಲ್ಲಿರೋ ತಪ್ಪುಗಳೂ ಅಷ್ಟೇ ನಿಜ, ಎರಡನ್ನೂ ಬಿಡಿಸಿ ಹೇಳ್ತೀನಿ.

ಫುಟ್‌ಬಾಲ್ ಗೇಮ್ ಒಳ್ಳೇದಾ ಅಂತ ನೋಡೋಕೆ ನಾನು ಒಂದೇ ಪ್ರಶ್ನೆ ಇಟ್ಕೊಂಡಿದೀನಿ, ಗೋಲ್ ತಿಂದಾಗ ಯಾಕೆ ತಿಂದ್ವಿ ಅಂತ ನಮಗೆ ಗೊತ್ತಾಗ್ಬೇಕು. ಪೆಸ್ 6ರಲ್ಲಿ ಹೆಚ್ಚಿನ ಸಲ ಗೊತ್ತಾಗುತ್ತೆ, ಯಾಕಂದ್ರೆ ಅಲ್ಲಿ ಚೆಂಡು ಆಟಗಾರನ ಕಾಲಿಗೆ ಅಂಟ್ಕೊಂಡಿರಲ್ಲ, ಅದಕ್ಕೆ ಅದರದ್ದೇ ತೂಕ ಇದೆ, ಜೋರಾಗಿ ಬಂದ ಪಾಸನ್ನ ಓಡ್ತಾ ಓಡ್ತಾ ತಗೊಂಡ್ರೆ ಚೆಂಡು ಒಂದ್ ಹೆಜ್ಜೆ ಮುಂದೆ ಹೋಗುತ್ತೆ, ಅಷ್ಟು ಸಾಕು ಡಿಫೆಂಡರ್ ಕಾಲು ಹಾಕೋಕೆ. ಶಾಟ್ ಹೊಡೀವಾಗ್ಲೂ ಹಂಗೇ, ಪವರ್ ಬಾರ್ ಒಂಚೂರು ಹೆಚ್ಚಾದ್ರೆ ಬಾಲ್ ಗೋಲ್‌ಪೋಸ್ಟ್ ಮೇಲೆ, ಮೈ ತಿರುಗಿರೋ ದಿಕ್ಕು ಸರಿ ಇಲ್ದೆ ಹೊಡೆದ್ರೆ ಪಕ್ಕಕ್ಕೆ, ಎಡಗಾಲಿನ ಆಟಗಾರನ ಬಲಗಾಲಿಗೆ ಚೆಂಡು ಸಿಕ್ರೆ ಹೊಡೆತದಲ್ಲಿ ದಮ್ಮೇ ಇರಲ್ಲ. ಇಷ್ಟೆಲ್ಲ ಲೆಕ್ಕ ಹಿಂದೆ ನಡೀತಿದ್ರೂ ನಿಮ್ ಕೈಯಲ್ಲಿರೋದು ಕೆಲವೇ ಬಟನ್ನು. ಅದಕ್ಕೇ ಮಿಡ್‌ಫೀಲ್ಡಲ್ಲಿ ನಾಕು ಪಾಸ್ ಸರಿಯಾಗಿ ಹಾಕಿ ಡಿಫೆಂಡರುಗಳ ಮಧ್ಯದಿಂದ ಒಂದು ಥ್ರೂ ಬಾಲ್ ಬಿಟ್ಟು ಗೋಲ್ ಹೊಡೆದಾಗ ಆಗೋ ಖುಷಿ ನಿಮ್ದೇ ಅನ್ಸುತ್ತೆ, ಕಂಪ್ಯೂಟರ್ ಕೊಟ್ಟಿದ್ದು ಅನ್ಸಲ್ಲ.

ಇನ್ನೊಂದು ದೊಡ್ಡ ವಿಷಯ ಆಟಗಾರರ ವ್ಯತ್ಯಾಸ. ಬ್ಯಾಲೆನ್ಸ್, ಓಟದ ಸ್ಪೀಡ್, ಆಕ್ಸಿಲರೇಷನ್, ಶಾರ್ಟ್ ಪಾಸ್, ಶಾಟ್ ಟೆಕ್ನಿಕ್ ಅಂತ ಒಬ್ಬೊಬ್ಬನಿಗೂ ಸಾಲು ಸಾಲು ನಂಬರ್ ಇದೆ, ಕೆಲವ್ರಿಗೆ ಮಾತ್ರ ಇರೋ ವಿಶೇಷ ಗುಣಗಳ ಸ್ಟಾರ್ ಬೇರೆ. ಇದು ಪಟ್ಟಿಯಲ್ಲಿ ಓದೋಕೆ ಮಾತ್ರ ಇರೋದಲ್ಲ, ಕೈಗೆ ಗೊತ್ತಾಗುತ್ತೆ. ಇಟಲಿಯ ಮಿಲಾನ್ ಕ್ಲಬ್ ತಗೊಳ್ಳಿ, ಮಿಡ್‌ಫೀಲ್ಡರ್ ಪಿರ್ಲೋ ಕಾಲಲ್ಲಿ ಚೆಂಡಿದ್ರೆ ನಲವತ್ತು ಗಜದ ಪಾಸ್ ಹಾಕೋ ಧೈರ್ಯ ಬರುತ್ತೆ, ಅದೇ ಚೆಂಡು ಗಟ್ಟೂಸೋ ಹತ್ರ ಬಂದ್ರೆ ಬೇಗ ಪಕ್ಕದವನಿಗೆ ಕೊಟ್ಬಿಡೋಣ ಅನ್ಸುತ್ತೆ, ಆದ್ರೆ ಎದುರಾಳಿ ಕಾಲಿಂದ ಚೆಂಡು ಕಿತ್ಕೊಳ್ಳೋಕೆ ಗಟ್ಟೂಸೋನೇ ಬೇಕು. ಇದರ ಮೇಲೆ ಮ್ಯಾಚಿಗೆ ಮುಂಚೆ ತೋರ್ಸೋ ಕಂಡೀಷನ್ ಬಾಣ. ಮೇಲಕ್ಕೆ ನೋಡೋ ಕೆಂಪು ಬಾಣ ಬಂದಿರೋ ಸಾಧಾರಣ ಆಟಗಾರ ಅವತ್ತು ಸ್ಟಾರ್ ಥರ ಆಡ್ತಾನೆ, ಕೆಳಗೆ ನೋಡೋ ಬಾಣ ಬಂದಿರೋ ಸ್ಟಾರನ್ನ ಬೆಂಚಲ್ಲಿ ಕೂರಿಸ್ಬೇಕಾ ಬೇಡ್ವಾ ಅಂತ ನೀವು ತೀರ್ಮಾನ ಮಾಡ್ಬೇಕು. ಆ ಎರಡು ನಿಮಿಷದ ಯೋಚನೆ ನನಗೆ ತುಂಬಾ ಇಷ್ಟ, ಮ್ಯಾಚು ಅಲ್ಲಿಂದಾನೇ ಶುರು ಆಗುತ್ತೆ.

ಒಂದು ಕ್ಲಬ್ಬನ್ನ ಸೀಸನ್ ಮೇಲೆ ಸೀಸನ್ ನಡೆಸೋ ಮಾಸ್ಟರ್ ಲೀಗ್ ಮೋಡ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ದೆ ಇರೋಕಾಗಲ್ಲ. ಕೆಳಗಿನ ಡಿವಿಷನಲ್ಲಿ, ಕಾಸ್ಟೋಲೋ, ಮಿನಾಂಡಾ, ಕೀಪರ್ ಇವಾರೋವ್ ಅಂತ ನಿಜ ಜೀವನದಲ್ಲಿ ಇಲ್ದೇ ಇರೋ ಆಟಗಾರರ ಟೀಮ್ ಕೊಡ್ತಾರೆ, ಎಲ್ರೂ ಸುಮಾರು. ಗೆದ್ರೆ ಪಾಯಿಂಟ್ಸು, ಆ ಪಾಯಿಂಟ್ಸಲ್ಲೇ ಹೊಸಬ್ರನ್ನ ತಗೋಬೇಕು, ಸೀಸನ್ ಕೊನೇಲಿ ಸಂಬಳನೂ ಅದರಲ್ಲೇ ಕೊಡ್ಬೇಕು, ಕೊಡೋಕಾಗ್ಲಿಲ್ವಾ, ಆಟ ಮುಗೀತು. ರಿಟೈರ್ ಆದ ದೊಡ್ಡ ಆಟಗಾರರು ಮತ್ತೆ ಹದಿಹರೆಯದ ಹುಡುಗರಾಗಿ ಬರ್ತಾರೆ, ಅವ್ರನ್ನ ಹುಡುಕಿ ಬೆಳೆಸೋದೇ ಒಂದು ಸುಖ. ಇದರಲ್ಲಿ ಎಲ್ಲೂ ದುಡ್ಡು ಕೊಟ್ಟು ಪ್ಯಾಕ್ ಓಪನ್ ಮಾಡೋ ವ್ಯವಹಾರ ಇಲ್ಲ. ಫಿಫಾ ಸರಣಿಯ ಅಲ್ಟಿಮೇಟ್ ಟೀಮ್ ಮೋಡಲ್ಲಿ ಯಾವ ಆಟಗಾರ ಸಿಗ್ತಾನೆ ಅಂತ ಗೊತ್ತಿಲ್ದೆ ತಗೊಳ್ಳೋ ಪ್ಯಾಕುಗಳ ಬಗ್ಗೆ ಬೆಲ್ಜಿಯಂನಲ್ಲಿ ಜೂಜಿನ ಕಾನೂನಿನ ಪ್ರಶ್ನೆ ಎದ್ದು, 2019ರಲ್ಲಿ ಫಿಫಾ ಗೇಮ್ ಮಾಡ್ತಿದ್ದ ಕಂಪನಿ ಇಎ, ಆ ಪ್ಯಾಕ್ ತಗೊಳ್ಳೋಕೆ ಬೇಕಾದ ಫಿಫಾ ಪಾಯಿಂಟ್ಸನ್ನ ಅಲ್ಲಿ ಮಾರೋದನ್ನೇ ನಿಲ್ಲಿಸ್ತು. ಕಾಲೇಜ್ ಹುಡುಗ್ರ ಪಾಕೆಟ್ ಮನಿ ಮೇಲೆ ಕಣ್ಣಿಡದ ಗೇಮ್ ಅನ್ನೋದು ಇವತ್ತಿನ ದಿನ ಸಣ್ಣ ಗುಣ ಅಲ್ಲ, ಇದನ್ನ ನಿಮ್ ರೂಮ್‌ಮೇಟಿಗೂ ಹೇಳಿ.

ಈಗ ಅವ್ರ ಮಾತಿಗೆ ಬರ್ತೀನಿ, ಹೆಸರುಗಳ ವಿಷಯದಲ್ಲಿ ಅವ್ರು ಹೇಳ್ತಿರೋದು ಪೂರ್ತಿ ಸರಿ. ಇಂಗ್ಲೆಂಡಿನ ಕ್ಲಬ್‌ಗಳಲ್ಲಿ ಆರ್ಸೆನಲ್, ಮ್ಯಾಂಚೆಸ್ಟರ್ ಯುನೈಟೆಡ್ ಬಿಟ್ರೆ ಬೇರೆಯವ್ರ ನಿಜ ಹೆಸರು ಬಳಸೋ ಲೈಸೆನ್ಸ್ ಇಲ್ಲ, ಲಿವರ್‌ಪೂಲ್ ಹೋಗಿ ಮರ್ಸಿಸೈಡ್ ರೆಡ್ ಆಗಿದೆ, ಚೆಲ್ಸಿ ಲಂಡನ್ ಎಫ್‌ಸಿ ಆಗಿದೆ. ಜರ್ಮನಿಯ ಬುಂಡೆಸ್‌ಲಿಗಾ ಅಂತೂ ಇಲ್ಲವೇ ಇಲ್ಲ, ಬಯರ್ನ್ ಮ್ಯೂನಿಕ್ ಒಂದೇ ಉಳ್ಕೊಂಡಿದೆ. 2006ರಲ್ಲಿ ವರ್ಲ್ಡ್ ಕಪ್ ನಡೆದಿದ್ದೇ ಜರ್ಮನಿಯಲ್ಲಿ, ಅದೇ ವರ್ಷ ಆ ದೇಶದ ಲೀಗ್ ಇಲ್ದಿರೋ ಗೇಮನ್ನ ಪೂರ್ತಿ ಬೆಲೆಗೆ ಮಾರಿದ್ರು, ಇದು ತಪ್ಪೇ. "ಆಪ್ಷನ್ ಫೈಲ್ ಹಾಕ್ಕೊಂಡ್ರೆ ಎಲ್ಲಾ ಸರಿ ಹೋಗುತ್ತೆ" ಅನ್ನೋ ಮಾತನ್ನ ನಾನು ಒಪ್ಪಲ್ಲ. ಆಪ್ಷನ್ ಫೈಲ್ ಅಂದ್ರೆ ಅಭಿಮಾನಿಗಳು ಕೂತು ಒಂದೊಂದು ಹೆಸರು, ಒಂದೊಂದು ಜೆರ್ಸಿ ತಿದ್ದಿ ಹಂಚ್ಕೊಂಡಿದ್ದು, ಅದು ಅವ್ರ ಶ್ರಮ, ಅದರ ಕ್ರೆಡಿಟ್ ಕಂಪನಿಗೆ ಯಾಕೆ ಹೋಗ್ಬೇಕು? ಆದ್ರೆ ಎಡಿಟ್ ಮೋಡ್ ಇಷ್ಟು ವಿಶಾಲವಾಗಿ ಕೊಟ್ಟಿದ್ದಕ್ಕೆ ಕೊನಾಮಿಗೆ ಮೆಚ್ಚುಗೆ ಸಲ್ಲಬೇಕು. ಜರ್ಮನ್ ಲೀಗ್ ಜಾಗದಲ್ಲಿ ಖಾಲಿ ಟೀಮುಗಳು ಬಿದ್ದಿವೆ ನೋಡಿ, ಅದರಲ್ಲೊಂದನ್ನ ನೀಲಿ ಜೆರ್ಸಿಯ ಬೆಂಗಳೂರು ಎಫ್‌ಸಿ ಮಾಡ್ಕೊಳ್ಳಿ. ಸುನಿಲ್ ಛೇತ್ರಿಗೆ ಎತ್ತರ ಕಮ್ಮಿ ಇಟ್ಟು ಜಂಪ್, ಹೆಡಿಂಗ್, ಪೊಸಿಷನಿಂಗ್ ಜಾಸ್ತಿ ಕೊಡಿ, ಕಂಠೀರವದಲ್ಲಿ ನೋಡಿರೋರಿಗೆ ಯಾಕೆ ಅಂತ ಗೊತ್ತು.

ಹಂಗಂತ ಫಿಫಾ 22ರಲ್ಲಿ ನಮ್ ದೇಶದ ಫುಟ್‌ಬಾಲ್ ಲೀಗ್ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಬಂದಿದ್ದನ್ನ ಕಡೆಗಣಿಸ್ಬೇಡಿ. ನಮ್ ಊರಿನ ಕ್ಲಬ್ಬನ್ನ ಯಾರೂ ಕೈಯಿಂದ ತಿದ್ದಿ ಸೇರಿಸೋ ಅಗತ್ಯ ಇಲ್ದೆ ಮೆನುವಲ್ಲಿ ನೋಡೋದು ದೊಡ್ಡ ಮಾತು. ಪೆಸ್ 6ರಲ್ಲಿ ಭಾರತದ ರಾಷ್ಟ್ರೀಯ ತಂಡಾನೇ ಇಲ್ಲ.

ಆದ್ರೆ ನನ್ ಪ್ರಕಾರ ಹೆಸ್ರಿಗಿಂತ ದೊಡ್ಡ ತಪ್ಪು ಮೈದಾನದ ಒಳಗೇ ಇದೆ, ಅದನ್ನ ಪೆಸ್ ಅಭಿಮಾನಿಗಳು ಯಾವಾಗ್ಲೂ ಮುಚ್ಚಿಡ್ತಾರೆ. ಅದು ಕೀಪರು. ಸುಲಭವಾಗಿ ಹಿಡೀಬಹುದಾದ ಶಾಟನ್ನೂ ಕೈಯಲ್ಲಿ ತಳ್ಳಿ ನೇರ ಎದುರಾಳಿ ಸ್ಟ್ರೈಕರ್ ಕಾಲಿಗೇ ಹಾಕ್ತಾನೆ, ಅವನು ಆರಾಮಾಗಿ ಒಳಗೆ ತಳ್ತಾನೆ. ನಾನು ಮೊದ್ಲು ಹೇಳಿದ ಪ್ರಶ್ನೆ ನೆನಪಿಸ್ಕೊಳ್ಳಿ, ಇಲ್ಲಿ ಗೋಲ್ ಯಾಕೆ ತಿಂದ್ವಿ ಅಂದ್ರೆ ನಮ್ ತಪ್ಪೇನೂ ಇಲ್ಲ, ಡಿಫೆನ್ಸ್ ಸರಿ ಮಾಡಿದ್ವಿ, ಶಾಟ್ ದೂರದಿಂದ ಹೊಡೆಸಿದ್ವಿ, ಆದ್ರೂ ಗೋಲು. ಗೇಮಿನ ಅತ್ಯುತ್ತಮ ಗುಣ ಏನಿದೆಯೋ ಅದನ್ನೇ ಈ ಕೀಪರು ಹಾಳು ಮಾಡ್ತಾನೆ, ಅದಕ್ಕೇ ನನಗೆ ಇದು ಲಂಡನ್ ಎಫ್‌ಸಿಗಿಂತ ಹೆಚ್ಚು ಬೇಜಾರು. ಅದೇ ಸಾಲಿಗೆ ಸೇರೋದು ಇಟಲಿಯ ಇಂಟರ್ ಕ್ಲಬ್ಬಿನ ಸ್ಟ್ರೈಕರ್ ಅಡ್ರಿಯಾನೋ. ಶಾಟ್ ಪವರ್ 99, ಮೈಕಟ್ಟು ಬೇರೆ, ಇಂಟರ್ ತಗೊಂಡವನು ಪೆನಾಲ್ಟಿ ಬಾಕ್ಸಿನ ಹೊರಗೆ ಅವನ ಎಡಗಾಲಿಗೆ ಚೆಂಡು ಸಿಗೋ ಹಂಗೆ ಮಾಡಿದ್ರೆ ಸಾಕು, ಗೋಲು, ಕಷ್ಟಪಟ್ಟು ಪಾಸ್ ಹಾಕಿ ಆಡೋರಿಗೆ ಅನ್ಯಾಯ ಆಗುತ್ತೆ.

ಓಡಾಟ ಎಂಟೇ ದಿಕ್ಕಿಗೆ ಅನ್ನೋದು ಇನ್ನೊಂದು ಕೊರತೆ, ಹೊಸ ಗೇಮ್ ಆಡಿ ಬಂದವ್ರಿಗೆ ಮೊದಲ ದಿನ ಕೈ ಕಟ್ಟಿದಂಗೆ ಇರುತ್ತೆ. ಕಾಮೆಂಟ್ರಿ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ಅದೇ ಮಾತು ಮತ್ತೆ ಮತ್ತೆ ಬರುತ್ತೆ, ಆಫ್ ಮಾಡಿ. ಗ್ರಾಫಿಕ್ಸ್ ವಿಷಯ ಏನಂದ್ರೆ ಪಿಸಿಗೆ ಬಂದಿದ್ದು ಪ್ಲೇಸ್ಟೇಷನ್ 2ರ ವರ್ಷನ್ನು, ಎಕ್ಸ್‌ಬಾಕ್ಸ್ 360ರಲ್ಲಿ ನೋಡೋಕೆ ಚೆಂದ ಇದ್ರೂ ಎಡಿಟ್ ಮೋಡನ್ನ ತುಂಬಾ ಕತ್ತರಿಸಿದ್ರು, ಹಂಗಾಗಿ ನಿಮ್ ಹಳೇ ಲ್ಯಾಪ್‌ಟಾಪಲ್ಲಿ ಇರೋದೇ ಒಳ್ಳೇದು.

ಟೂರ್ನಮೆಂಟಿಗೆ ನನ್ ಸಲಹೆ ಇಷ್ಟು. ಇಂಟರ್ ಬೇಡ ಅಂತ ಎಲ್ರೂ ಸೇರಿ ಮೊದ್ಲೇ ಒಪ್ಕೊಳ್ಳಿ. ಫೈನಲ್ ಬಿಟ್ಟು ಮಿಕ್ಕಿದ್ದಕ್ಕೆ ರ್‍ಯಾಂಡಮ್ ಸೆಲೆಕ್ಷನ್ ಮ್ಯಾಚ್ ಇಟ್ಟು ನೋಡಿ, ಗೇಮೇ ಆಟಗಾರರನ್ನ ಕಲಸಿ ಟೀಮ್ ಮಾಡಿ ಕೊಡುತ್ತೆ, ಆಗ ಯಾರಿಗೆ ನಿಜವಾಗ್ಲೂ ಪಾಸ್ ಹಾಕೋಕೆ ಬರುತ್ತೆ ಅಂತ ಗೊತ್ತಾಗುತ್ತೆ, ನಿಮ್ ರೂಮ್‌ಮೇಟನ್ನೂ ಕೂರಿಸಿ. ಇನ್ನೊಂದು, ಇಬ್ಬಿಬ್ರು ಒಂದೇ ಕೀಬೋರ್ಡಲ್ಲಿ ಆಡ್ತೀವಿ ಅಂತ ಬರ್ದಿದೀರ, ಅದು ಬೇಡ, ಒಟ್ಟಿಗೆ ತುಂಬಾ ಕೀ ಒತ್ತಿದ್ರೆ ಸುಮಾರು ಕೀಬೋರ್ಡುಗಳು ಕೆಲವನ್ನ ತಗೊಳ್ಳೋದೇ ಇಲ್ಲ, ಒಬ್ಬ ಸ್ಪ್ರಿಂಟ್ ಒತ್ಕೊಂಡಿದ್ರೆ ಇನ್ನೊಬ್ಬನ ಶಾಟ್ ಹೋಗಲ್ಲ. ಎಲ್ರೂ ದುಡ್ಡು ಹಾಕಿ ಎರಡು ಯುಎಸ್‌ಬಿ ಜಾಯ್‌ಸ್ಟಿಕ್ ತಗೊಳ್ಳಿ, ಕಮ್ಮಿ ರೇಟಿಂದು ಆದ್ರೂ ಪರವಾಗಿಲ್ಲ, ಎಂಟು ದಿಕ್ಕಿನ ಗೇಮಿಗೆ ಡಿ-ಪ್ಯಾಡ್, ಅಂದ್ರೆ ದಿಕ್ಕಿನ ಬಟನ್, ಗಟ್ಟಿ ಇದ್ರೆ ಸಾಕು.