ಕುಕ್ಕರ್ ಸ್ವಿಚ್‌ಗೆ ಕಡ್ಡಿ ಸಿಕ್ಕಿಸಬಹುದಾ?

ಪ್ರಶ್ನೆ: ಪಿಜಿ ರೂಮಿನಲ್ಲಿ ಕರೆಂಟ್ ರೈಸ್ ಕುಕ್ಕರ್ ಬಿಟ್ಟರೆ ಬೇರೆ ಒಲೆ ಇಲ್ಲ. ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದರೆ ಈರುಳ್ಳಿ ಬಾಡುವ ಮೊದಲೇ ಸ್ವಿಚ್ ಟಕ್ ಅಂತ ಮೇಲೇಳುತ್ತದೆ. ಐಸ್‌ಕ್ರೀಂ ಕಡ್ಡಿ ಸಿಕ್ಕಿಸಿದರೆ ಏಳಲ್ಲ ಅಂತಾನೆ ಗೆಳೆಯ. ಮಾಡಬಹುದಾ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಡಪ್ಪಾ. ಕುಕ್ಕರಿನೊಳಗೆ ತಳದ ನಡುವೆ ಒತ್ತಿದರೆ ಕುಣಿಯುವ ಗುಂಡಿ ಇದೆಯಲ್ಲ, ಅದರಲ್ಲಿ ಅಯಸ್ಕಾಂತ ಇರುತ್ತದೆ. ನೀರಿರುವ ತನಕ ಪಾತ್ರೆಯ ಬಿಸಿ 100 ಡಿಗ್ರಿ ಆಸುಪಾಸಲ್ಲೇ ನಿಲ್ಲುತ್ತದೆ. ನೀರು ಇಂಗಿ 103ರ ಹತ್ತಿರ ಬಂದರೆ ಗುಂಡಿಯೊಳಗಿನ ಬಿಲ್ಲೆಗೆ ಅಯಸ್ಕಾಂತ ಅಂಟಲ್ಲ. ಸ್ಪ್ರಿಂಗ್ ತಳ್ಳುತ್ತದೆ, ಸ್ವಿಚ್ ಬಿಡುತ್ತದೆ. ಒಗ್ಗರಣೆಯಲ್ಲಿ ನೀರೇ ಇಲ್ಲ, ಹಾಗಾಗಿ ಬೇಗ ಟಕ್.

ಕಡ್ಡಿ ಸಿಕ್ಕಿಸಿದರೆ ಕಾಪಾಡೋಕೆ ಥರ್ಮಲ್ ಫ್ಯೂಸ್, ಅಂದರೆ ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಫ್ಯೂಸ್, ಒಂದೇ ಉಳಿಯುತ್ತದೆ. ಅದು ಹೋದರೆ ಹೊಸದೇ ಹಾಕಬೇಕು. ಹೋದ ತಿಂಗಳು ನನ್ನ ರಿಪೇರಿ ಅಂಗಡಿಗೆ ಬಂದ ಕುಕ್ಕರಿನಲ್ಲಿ ಆ ಫ್ಯೂಸನ್ನೂ ಕಿತ್ತು ವೈರ್ ಸೇರಿಸಿದ್ದರು. ಸ್ವಿಚ್ಚಿನಲ್ಲಿ ಚಮಚ ಹಾಗೇ ಇತ್ತು! ಪ್ಲಾಸ್ಟಿಕ್ ತಳ ಹಪ್ಪಳದ ಹಾಗೆ ಉಬ್ಬಿತ್ತು.

ಸುಮ್ನೆ ಈರುಳ್ಳಿ, ಕಡಲೆಬೀಜ, ಎರಡು ಚಮಚ ಎಣ್ಣೆ ಎಲ್ಲಾ ಅಕ್ಕಿ ನೀರಿನ ಜೊತೆಗೇ ಹಾಕಿ. ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಚಿತ್ರಾನ್ನ ಅನ್ನೋಕಾಗಲ್ಲ, ಆದರೂ ಹೊಟ್ಟೆಗೆ ಸಾಕು ಅಲ್ವಾ?