ಟ್ರಿನಿಡಾಡ್‌ಗೆ ಹೊರಡುವ ಮುನ್ನ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ವಯಸ್ಸು 61, ನಮ್ಮ ಯಜಮಾನರಿಗೆ 66. ಟ್ರಿನಿಡಾಡ್‌ನ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ 1976ರಲ್ಲಿ ಭಾರತ ಗೆದ್ದ ಟೆಸ್ಟ್ ಪಂದ್ಯದ ಸುದ್ದಿಯಿರುವ ಪತ್ರಿಕೆಯ ತುಣುಕನ್ನು ಅವರು ಇಂದಿಗೂ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಮುಂದಿನ ಏಪ್ರಿಲ್‌ನಲ್ಲಿ ಟೊರೊಂಟೊದ ಮಗಳ ಮನೆಗೆ ಹೋದಾಗ ಆ ಮೈದಾನವನ್ನು ನೋಡಿಬರಬೇಕೆಂಬುದು ಅವರ ಆಸೆ. ಪ್ರವಾಸ ಏಜೆಂಟರು ಹತ್ತು ದಿನಗಳಲ್ಲಿ ನಾಲ್ಕು ಕೆರಿಬಿಯನ್ ದ್ವೀಪಗಳನ್ನು ತೋರಿಸುವುದಾಗಿ ಹೇಳುತ್ತಿದ್ದಾರೆ. ನಾವು ಸಸ್ಯಾಹಾರಿಗಳು. ವೀಸಾ, ಊಟ, ಸುರಕ್ಷತೆಯ ಬಗ್ಗೆ ದಯವಿಟ್ಟು ತಿಳಿಸಿ.
— ಓದುಗರು, ಶಿವಮೊಗ್ಗ

ಉತ್ತರ: ನಾಲ್ಕು ದ್ವೀಪಗಳ ಯೋಜನೆಯನ್ನು ಕೈಬಿಡಿ. ಕೆರಿಬಿಯನ್‌ನ ಬಹುತೇಕ ದ್ವೀಪಗಳು ಬೇರೆ ಬೇರೆ ದೇಶಗಳಾಗಿರುವುದರಿಂದ, ಒಂದೊಂದು ದ್ವೀಪಕ್ಕೂ ಹೊಸದಾಗಿ ವಲಸೆ ತಪಾಸಣೆ, ಹೊಸ ನಾಣ್ಯ, ಹೊಸ ವಿಮಾನವೆಂದು ನಿಮ್ಮ ಹತ್ತು ದಿನಗಳಲ್ಲಿ ಅರ್ಧದಷ್ಟು ನಿಲ್ದಾಣಗಳಲ್ಲೇ ಕಳೆದುಹೋಗುತ್ತವೆ. ಯಜಮಾನರ ಮನಸ್ಸಿರುವುದು ಟ್ರಿನಿಡಾಡ್‌ನಲ್ಲಿ. ಅದರ ಜೊತೆಗೆ ಅದೇ ದೇಶದ ಚಿಕ್ಕ ದ್ವೀಪವಾದ ಟೊಬೆಗೊ ಸೇರಿದರೆ ಹತ್ತು ದಿನ ತುಂಬುತ್ತದೆ.

ಭಾರತೀಯ ಪಾಸ್‌ಪೋರ್ಟ್ ಇರುವ ಪ್ರವಾಸಿಗರಿಗೆ ಅಲ್ಲಿ 90 ದಿನಗಳವರೆಗೆ ವೀಸಾ ಬೇಕಿಲ್ಲ. ಆದರೆ ನೀವು ಮತ್ತೆ ಟೊರೊಂಟೊಗೆ ಮರಳುವುದರಿಂದ, ನಿಮ್ಮ ಕೆನಡಾ ವೀಸಾ ಹಲವು ಬಾರಿ ಪ್ರವೇಶಿಸಲು ಅವಕಾಶವಿರುವಂಥದ್ದೇ ಎಂದು ಈಗಲೇ ತೆರೆದು ನೋಡಿ. ಟೊರೊಂಟೊದಿಂದ ನೇರ ವಿಮಾನವನ್ನೇ ಹಿಡಿಯಿರಿ. ಅಮೆರಿಕದಲ್ಲಿ ವಿಮಾನ ಬದಲಿಸುವುದಾದರೆ, ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ಆ ದೇಶದ ವೀಸಾ ಬೇಕು.

ಏಜೆಂಟರು ಸಾಮಾನ್ಯವಾಗಿ ಹೇಳದೆ ಬಿಡುವ, ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವ ಸಂಗತಿಯೆಂದರೆ ಸೊಳ್ಳೆಯಿಂದ ಹರಡುವ ಹಳದಿ ಜ್ವರದ ಲಸಿಕೆ. ಭಾರತ ಸರ್ಕಾರದ ಹಳದಿ ಜ್ವರ ಪೀಡಿತ ಪ್ರದೇಶಗಳ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ, ಟೊಬೆಗೊ ಇಲ್ಲ. ಟ್ರಿನಿಡಾಡ್‌ನಿಂದ ಹೊರಟು ಆರು ದಿನಗಳೊಳಗೆ ಲಸಿಕೆಯ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಬಂದಿಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲು ನಿಯಮವಿದೆ. ಲಸಿಕೆಯನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ಪ್ರಮಾಣಪತ್ರ ಊರ್ಜಿತವಾಗುವುದು ಹತ್ತು ದಿನಗಳ ನಂತರ, ಆಮೇಲೆ ಅದು ಜೀವನಪೂರ್ತಿ ಸಲ್ಲುತ್ತದೆ. ನಿಮ್ಮಿಬ್ಬರ ವಿಷಯದಲ್ಲಿ ಇನ್ನೊಂದು ಮಾತಿದೆ: 60 ವರ್ಷ ದಾಟಿ ಮೊದಲ ಬಾರಿ ಈ ಲಸಿಕೆ ಪಡೆಯುವವರಲ್ಲಿ, ಅಪರೂಪಕ್ಕಾದರೂ, ತೀವ್ರ ಅಡ್ಡಪರಿಣಾಮದ ಸಾಧ್ಯತೆ ಕಿರಿಯರಿಗಿಂತ ಹೆಚ್ಚು. ಆದ್ದರಿಂದ ಟಿಕೆಟ್‌ಗಿಂತ ಮೊದಲು, ನಿಮ್ಮ ಆರೋಗ್ಯವನ್ನು ವರ್ಷಗಳಿಂದ ಬಲ್ಲ ವೈದ್ಯರ ಬಳಿ ಹೋಗಿ. ಅವರು ಬೇಡವೆಂದರೆ, ಟ್ರಿನಿಡಾಡ್ ಪ್ರವಾಸವನ್ನು ಮೊದಲು ಮುಗಿಸಿ, ಮಗಳ ಮನೆಯಲ್ಲಿ ಆರು ದಿನಕ್ಕಿಂತ ಹೆಚ್ಚು ಇದ್ದು ಊರಿಗೆ ಮರಳಿ. ಇದು ಕಾಗದದ ತೊಡಕನ್ನು ನೀಗುತ್ತದೆಯೇ ಹೊರತು ಸೊಳ್ಳೆಯ ಅಪಾಯವನ್ನಲ್ಲ. ಲಸಿಕೆಯಿಲ್ಲದಿದ್ದರೆ ಟ್ರಿನಿಡಾಡ್‌ನ ದಟ್ಟ ಕಾಡಿನ ಕಡೆ ಹೋಗಲೇಬೇಡಿ.

ಊಟದ ಚಿಂತೆ ಬೇಡ. 1845ರ ಮೇ 30ರಂದು ಬಂದ ಮೊದಲ ಹಡಗಿನಿಂದ ಆರಂಭಿಸಿ, ಕಬ್ಬಿನ ತೋಟಗಳ ಕೂಲಿಗೆಂದು ಕರೆತಂದ ಭಾರತೀಯರ ಅಡುಗೆ ಅಲ್ಲಿ ಇಂದು ಎಲ್ಲರ ಅಡುಗೆಯಾಗಿದೆ. ಬೆಳಿಗ್ಗೆ ಬೀದಿಬದಿಯಲ್ಲಿ ‘ಡಬಲ್ಸ್’ ಮಾರುವವರ ಮುಂದೆ ನಿಂತು ನೋಡಿ: ಅರಿಸಿನ ಬೆರೆಸಿದ ಮೈದಾಹಿಟ್ಟಿನ ಎರಡು ಮೆತ್ತನೆಯ ‘ಬಾರಾ’ಗಳನ್ನು ಕಾಗದದ ಮೇಲೆ ಹಾಸಿ, ಬೆಂದ ಕಾಬೂಲ್ ಕಡಲೆಯನ್ನು ಸುರಿದು, ಹುಣಸೆ ಚಟ್ನಿಯನ್ನೂ ಸೌತೆಕಾಯಿಯನ್ನೂ ಹಾಕಿ ಕೈಗಿಡುತ್ತಾರೆ. ಖಾರ ಕಡಿಮೆ ಬೇಕಿದ್ದರೆ ‘ಸ್ಲೈಟ್ ಪೆಪ್ಪರ್’ ಎನ್ನಿ; ಅಲ್ಲಿಯ ಮೆಣಸಿನಕಾಯಿಯ ಖಾರ ನಮ್ಮ ಬ್ಯಾಡಗಿಯಂಥದ್ದಲ್ಲ. ರೊಟ್ಟಿಯ ಜೊತೆ ಕೊಡುವ ‘ಬೈಗನ್ ಚೋಕಾ’ ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ಹತ್ತಿರದ ನೆಂಟ.

ಏಪ್ರಿಲ್ ಒಳ್ಳೆಯ ಆಯ್ಕೆ. ಜನವರಿಯಿಂದ ಮೇ ವರೆಗೆ ಅಲ್ಲಿ ಮಳೆ ಕಡಿಮೆ, ಕಾರ್ನಿವಲ್‌ನ ನೂಕುನುಗ್ಗಲೂ ಅಷ್ಟರಲ್ಲಿ ಮುಗಿದಿರುತ್ತದೆ. ಸಂಜೆ ಕಾರೋನಿಯ ಕಾಂಡ್ಲಾ ಕಾಡಿನ ನಡುವೆ ದೋಣಿಯಲ್ಲಿ ಕುಳಿತರೆ, ಸ್ಕಾರ್ಲೆಟ್ ಐಬಿಸ್ ಎಂಬ ಕಡುಗೆಂಪು ಹಕ್ಕಿಗಳು ಗುಂಪುಗುಂಪಾಗಿ ಬಂದು ಮರಗಳ ಮೇಲೆ ಕೂರುವುದನ್ನು, ಹಸಿರು ಮರ ನೋಡನೋಡುತ್ತ ಕೆಂಪಾಗುವುದನ್ನು ಕಾಣುವಿರಿ. ಮೈಕೈಗೆ ಸೊಳ್ಳೆ ನಿವಾರಕ ಹಚ್ಚಿಕೊಳ್ಳುವುದನ್ನು ಮರೆಯಬೇಡಿ. ಕಾರಾಪಿಚೈಮಾದಲ್ಲಿ 85 ಅಡಿ ಎತ್ತರದ ಹನುಮಂತನ ವಿಗ್ರಹವಿದೆ. ಪಕ್ಕದ ದತ್ತಾತ್ರೇಯ ದೇವಸ್ಥಾನ ಮೈಸೂರಿನ ಅವಧೂತ ದತ್ತ ಪೀಠಕ್ಕೆ ಸೇರಿದ್ದು. ಕೊನೆಯ ಮೂರು ದಿನಗಳನ್ನು ಟೊಬೆಗೊಗೆ ಇಡಿ. ಅಲ್ಲಿಗೆ ವಿಮಾನದಲ್ಲಿ ಅರ್ಧ ಗಂಟೆಯೂ ಆಗದು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಾತ್ರಿಯ ಹೊತ್ತು ದೈತ್ಯ ಲೆದರ್‌ಬ್ಯಾಕ್ ಆಮೆಗಳು ಅಲ್ಲಿನ ದಂಡೆಗೆ ಮೊಟ್ಟೆಯಿಡಲು ಬರುತ್ತವೆ.

ಸುರಕ್ಷತೆಯ ವಿಷಯವನ್ನು ಹಗುರವಾಗಿ ಹೇಳಲಾರೆ. ಅಪರಾಧಿ ಗ್ಯಾಂಗ್‌ಗಳ ಹಿಂಸಾಚಾರದಿಂದಾಗಿ 2024ರ ಡಿಸೆಂಬರ್ 30ರಂದು ಅಲ್ಲಿ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಹೊರಡುವ ವಾರದಲ್ಲಿ ನಮ್ಮ ಹೈಕಮಿಷನ್‌ನ ಸೂಚನೆಗಳನ್ನು ಓದಿ, ಕತ್ತಲಾದ ಮೇಲೆ ಪೋರ್ಟ್ ಆಫ್ ಸ್ಪೇನ್‌ನ ಬೀದಿಗಳಲ್ಲಿ ಕಾಲ್ನಡಿಗೆಯಲ್ಲಿ ಓಡಾಡಬೇಡಿ, ಕಾರನ್ನು ಹೋಟೆಲಿನವರಿಂದಲೇ ತರಿಸಿಕೊಳ್ಳಿ. ಅಲ್ಲಿ ಬಾಡಿಗೆ ಟ್ಯಾಕ್ಸಿಯ ನಂಬರ್ ಪ್ಲೇಟ್ ‘ಎಚ್’ ಅಕ್ಷರದಿಂದ ಆರಂಭವಾಗುತ್ತದೆ. ‘ಪಿ’ ಎಂದಿದ್ದರೆ ಅದು ಖಾಸಗಿ ಕಾರು, ಹತ್ತಬೇಡಿ.

ಇನ್ನು ಮೈದಾನ. ಗೆಲ್ಲಲು 403 ರನ್ ಬೇಕಿದ್ದ ಆ ಪಂದ್ಯದಲ್ಲಿ ಭಾರತ ನಾಲ್ಕು ವಿಕೆಟ್‌ಗೆ 406 ಗಳಿಸಿತು. ಅದರಲ್ಲಿ 112 ರನ್ ನಿಮ್ಮ ಜಿಲ್ಲೆಯ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರದು, ಕೊನೆಗೆ ಅಜೇಯರಾಗಿ ಉಳಿದವರು ನಮ್ಮವರೇ ಆದ ಬ್ರಿಜೇಶ್ ಪಟೇಲ್. ಆ ಪಂದ್ಯ ನಡೆದ ಕ್ವೀನ್ಸ್ ಪಾರ್ಕ್ ಓವಲ್ ಅಲ್ಲಿನ ಕ್ರಿಕೆಟ್ ಕ್ಲಬ್ಬೊಂದರ ಸ್ವಂತ ಮೈದಾನ. ಪಂದ್ಯವಿಲ್ಲದ ದಿನ ಒಳಗೆ ಹೋಗಲು ಒಂದು ತಿಂಗಳ ಮೊದಲೇ ಕ್ಲಬ್ಬಿಗೆ ಇ-ಮೇಲ್ ಬರೆದು ಅನುಮತಿ ಕೇಳಿ. ಯಜಮಾನರ ಟ್ರಂಕಿನಲ್ಲಿರುವ ತುಣುಕಿನ ಫೋಟೊವನ್ನೂ ಆ ಪತ್ರದ ಜೊತೆಗಿಡಿ.